ಸಮುದ್ರ ಮುಚ್ಚಿರುವಾಗ ಬರುವ ರಜೆ

ಮೇ 25ರ ಸುಮಾರಿಗೆ ಸೂರ್ಯ ರೋಹಿಣಿ ನಕ್ಷತ್ರಕ್ಕೆ ಕಾಲಿಟ್ಟರೆ ನಾಗಪುರದಲ್ಲಿ ‘ನೌತಪಾ’ ಶುರು. ಹೆಸರೇ ಹೇಳುವಂತೆ ಒಂಬತ್ತು ದಿನಗಳ ತಾಪ. ಅದೇ ಹೊತ್ತಿಗೆ ಧಾರವಾಡದ ಕಡೆಯ ರೈತ ರೋಹಿಣಿ ಮಳೆಯ ದಾರಿ ಕಾಯುತ್ತಿರುತ್ತಾನೆ. 2013ರ ಮೇ ತಿಂಗಳಲ್ಲಿ ನಾಗಪುರದ ಉಷ್ಣಾಂಶ 47.9 ಡಿಗ್ರಿ ಮುಟ್ಟಿತ್ತು. ಇಂಥ ಬಿಸಿಲಿನಿಂದಾಗಿಯೇ ಮಹಾರಾಷ್ಟ್ರದ ಉಳಿದ ಕಡೆ ಜೂನ್ ಮಧ್ಯದಲ್ಲಿ ತೆರೆಯುವ ಶಾಲೆಗಳು ವಿದರ್ಭದಲ್ಲಿ ಒಂದೆರಡು ವಾರ ತಡವಾಗಿ ತೆರೆಯುತ್ತವೆ. ಹಾಗಾಗಿ ನಾಗಪುರದ ಮಕ್ಕಳಿಗೆ ಜೂನ್ ಮೂರನೆಯ ವಾರದಲ್ಲೂ ಬೇಸಿಗೆ ರಜೆ. ಮುಂಬಯಿಗೆ ಅಷ್ಟರಲ್ಲಿ ಮಳೆ ಬಂದಿರುತ್ತದೆ. ಊರಿನ ಸೆಕೆ ತಾಳಲಾರದೆ ಕಡಲ ಕಡೆ ಹೊರಡಬೇಕೆನ್ನಿಸುವ ಹೊತ್ತಿಗೆ ಕೊಂಕಣದ ಕಡಲು ಬಾಗಿಲು ಹಾಕಿಕೊಂಡಿರುತ್ತದೆ.

ಈ ತೊಡಕು ಹಳೆಯದು. 1861ರಲ್ಲಿ ಮಧ್ಯ ಪ್ರಾಂತ್ಯ ರಚನೆಯಾಗಿ ನಾಗಪುರ ಅದರ ರಾಜಧಾನಿಯಾಯಿತು. 1867ರಲ್ಲಿ ಮುಂಬಯಿಯಿಂದ ರೈಲು ಬಂತು. ಕಡಲು ಹತ್ತಿರವಾಯಿತು, ಆದರೆ ಬ್ರಿಟಿಷ್ ಅಧಿಕಾರಿಗಳು ಬೇಸಿಗೆಗೆ ಹೋದದ್ದು ಕಡಲಿಗಲ್ಲ, ಸಾತ್ಪುರ ಬೆಟ್ಟದ ಪಚ್‌ಮಢಿಗೆ. ಅದೇ ಪ್ರಾಂತ್ಯದ ಬೇಸಿಗೆ ರಾಜಧಾನಿಯೂ ಆಯಿತು. ಊರಿಗೆ ಹೋಗುವವರು ಮಾರ್ಚ್, ಏಪ್ರಿಲಿನಲ್ಲೇ ಹಡಗು ಹತ್ತಲು ನೋಡುತ್ತಿದ್ದರು. ತಡಮಾಡಿದರೆ ಅರಬ್ಬೀ ಸಮುದ್ರದ ಅಲೆ, ಅದನ್ನು ದಾಟಿದರೆ ಕೆಂಪು ಸಮುದ್ರದ ಧಗೆ.

ಸಮುದ್ರ ಮುಚ್ಚುತ್ತದೆ ಎಂಬುದು ಬರಿಯ ಅಲಂಕಾರದ ಮಾತಲ್ಲ. ಹದಿನೈದನೆಯ ಶತಮಾನದ ಅರಬ್ ನಾವಿಕ ಅಹ್ಮದ್ ಇಬ್ನ್ ಮಾಜಿದ್, ನೈಋತ್ಯ ಗಾಳಿ ಬಲವಾಗಿರುವ ಸುಮಾರು ಮೂರು ತಿಂಗಳನ್ನು ಸಮುದ್ರ ಮುಚ್ಚುವ ಕಾಲವೆಂದೇ ಲೆಕ್ಕ ಹಾಕಿದ್ದ. ಅರಬ್ಬಿಯಲ್ಲಿ ‘ಮೌಸಿಮ್’ ಎಂದರೆ ಋತು, ಗೊತ್ತಾದ ಕಾಲ. ಪೋರ್ಚುಗೀಸರ ಬಾಯಲ್ಲಿ ಹಾದು ಇಂಗ್ಲಿಷಿಗೆ ಬಂದ ‘ಮಾನ್ಸೂನ್’ ಅದೇ ಪದ. ನಾವೀಗ ಅದನ್ನು ಮಳೆಗೆ ಬಳಸುತ್ತೇವೆ. ನಾವಿಕರಿಗೆ ಅದು ಮೊದಲು ಗಾಳಿಯ ವೇಳಾಪಟ್ಟಿಯಾಗಿತ್ತು. ಅವನಿಗಿಂತ ಸಾವಿರದ ನಾನೂರು ವರ್ಷ ಹಿಂದೆ ರೋಮಿನ ಪ್ಲಿನಿ ಬರೆದ ಲೆಕ್ಕವೂ ಹೀಗೇ ಇದೆ: ಈಜಿಪ್ಟಿನಿಂದ ನಡುಬೇಸಿಗೆಯಲ್ಲಿ ಹೊರಟು, ಕೆಂಪು ಸಮುದ್ರದ ಬಾಯಿಗೆ ಬಂದು, ಅಲ್ಲಿಂದ ನಲವತ್ತು ದಿನಕ್ಕೆ ಕೇರಳದ ಮುಜಿರಿಸ್. ತಲುಪುವ ಹೊತ್ತಿಗೆ ಗಾಳಿಯ ಜೋರು ಇಳಿದಿರಬೇಕು, ಅದೇ ಜಾಣತನ. ಕೊಂಕಣದ ಕೋಳಿಗಳು ಇಂದಿಗೂ ಶ್ರಾವಣದ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ದೋಣಿ ಇಳಿಸುತ್ತಾರೆ. ಕರಾವಳಿಯ ಮೊಗವೀರರದು ಸಮುದ್ರ ಪೂಜೆ. ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ ನಿಷೇಧ ಮೀನಿನ ಸಂತತಿಗಾಗಿ ಎನ್ನುತ್ತಾರೆ, ನಿಜ. ದಿನಾಂಕಗಳು ಮಾತ್ರ ಹಳೆಯ ಕಡಲ ಲೆಕ್ಕದೊಳಗೇ ಬೀಳುತ್ತವೆ.

ಹಬ್ಬದ ಲೆಕ್ಕಕ್ಕೂ ಕಡಲಿನ ಲೆಕ್ಕಕ್ಕೂ ತಾಳ ತಪ್ಪಿದರೆ ಏನಾಗುತ್ತದೆಂಬುದಕ್ಕೆ 1947ರ ಜುಲೈ 17 ಸಾಕ್ಷಿ. ಆಷಾಢದ ಕೊನೆಯ ಅಮಾವಾಸ್ಯೆಯ ಹೊತ್ತು. ಹಬ್ಬಕ್ಕೆ ಊರು ಸೇರಲು ಜನ ಮುಂಬಯಿಯಲ್ಲಿ ರೇವಸ್‌ಗೆ ಹೋಗುವ ‘ರಾಮದಾಸ್’ ಹಡಗು ಹತ್ತಿದರು. ದಾರಿ ಉದ್ದವೇನಲ್ಲ, ಬಂದರಿನ ಬಾಯಿ ದಾಟಿದರೆ ಆಚೆ ದಡ. ಮಳೆಗಾಳಿಗೆ ಸಿಕ್ಕು ಹಡಗು ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಸ್ವಾತಂತ್ರ್ಯಕ್ಕೆ ಇನ್ನೂ ತಿಂಗಳಿರಲಿಲ್ಲ. ಮುಂದಿನ ದೊಡ್ಡ ಸುದ್ದಿಗಳಲ್ಲಿ ಆ ಸುದ್ದಿ ಮರೆಗೆ ಸರಿಯಿತು.

ಇನ್ನು ಜೂನಿನಲ್ಲಿ ಹೊರದೇಶದ ಕಡಲಿಗೆ ಹೋಗಬಯಸುವವರ ಮಾತು. ಗಾಳಿ ಒಂದು ದಡ ಮುಚ್ಚಿದಾಗ ಇನ್ನೊಂದನ್ನು ತೆರೆದಿಟ್ಟಿರುತ್ತದೆ. ಆಗುಂಬೆಯಲ್ಲಿ ಸುರಿದು ಚಿತ್ರದುರ್ಗಕ್ಕೆ ಬರಿಗೈಲಿ ಬರುವ ಗಾಳಿಯ ಸ್ವಭಾವ ಕನ್ನಡಿಗರಿಗೆ ಗೊತ್ತಿರುವುದೇ. ಶ್ರೀಲಂಕಾದಲ್ಲೂ ಅದು ಹಾಗೇ ನಡೆದುಕೊಳ್ಳುತ್ತದೆ. ಪಶ್ಚಿಮದ ಬೆಂತೋಟ, ಹಿಕ್ಕಡುವದಲ್ಲಿ ಮೇಯಿಂದ ಅಲೆ ಎದ್ದು ಕೆಂಪುಬಾವುಟ ಹಾರಿದರೆ, ನಡುವಿನ ಬೆಟ್ಟಗಳಾಚೆ ತ್ರಿಂಕೋಮಲೀ, ನಿಲಾವೇಲಿಗಳಲ್ಲಿ ಸೆಪ್ಟೆಂಬರ್‌ವರೆಗೂ ನೀರು ಶಾಂತ. ತ್ರಿಂಕೋಮಲೀ ಒಂದು ಬಗೆಯ ಕಡಲ ದಡದ ಚಿತ್ರದುರ್ಗ. ಫ್ರೆಂಚ್ ನೌಕಾಧಿಪತಿ ಸುಫ್ರೆನ್ ಅದನ್ನು ಗೆದ್ದದ್ದೂ 1782ರ ಆಗಸ್ಟ್ ಕೊನೆಯಲ್ಲಿ. ಅಕ್ಟೋಬರ್ ಬಂದರೆ ಮದರಾಸಿನ ತೆರೆದ ಕಡಲಲ್ಲಿ ಹಡಗುಗಳಿಗೆ ಆಸರೆಯಿಲ್ಲ, ಸಹಜ ಬಂದರಿರುವ ತ್ರಿಂಕೋಮಲೀ ಯಾರ ಕೈಲಿದೆಯೋ ಅವರ ಹಡಗುಪಡೆ ಉಳಿಯುತ್ತದೆ. ಥಾಯ್ಲೆಂಡಿನಲ್ಲೂ ಎರಡು ದಡ, ಎರಡು ನ್ಯಾಯ: ಅಂಡಮಾನ್ ಕಡಲಿನ ಫುಕೆಟ್‌ಗೆ ಮಳೆ, ಆಚೆ ಕೊಲ್ಲಿಯ ಸಮುಯಿಗೆ ಅಷ್ಟಿಲ್ಲ. ಬಾಲಿ ಭೂಮಧ್ಯರೇಖೆಯ ದಕ್ಷಿಣದಲ್ಲಿರುವುದರಿಂದ ಅಲ್ಲಿ ಏಪ್ರಿಲಿನಿಂದ ಅಕ್ಟೋಬರ್ ಒಣಕಾಲ. ಜೂನಿನಲ್ಲಿ ಫುಕೆಟ್ ಅಗ್ಗವೆಂದು ಜಾಹೀರಾತು ಬಂದರೆ ಆ ರಿಯಾಯಿತಿ ಗಾಳಿ ಕೊಟ್ಟದ್ದು, ಹೋಟೆಲಿನವರದಲ್ಲ. ನಾಗಪುರದಿಂದ ವರ್ಷಗಳ ಕಾಲ ನೇರ ವಿಮಾನ ಹಾರಿದ್ದು ಶಾರ್ಜಾ, ದೋಹಾಗಳಿಗೆ. ಬಿಸಿಲು ತಪ್ಪಿಸಿಕೊಳ್ಳಲು ಜೂನಿನಲ್ಲಿ ಅಲ್ಲಿಗೆ ಹೋಗುವುದು ಒಲೆಯಿಂದ ಒಲೆಗೆ ಹೋದಂತೆ.

ಮಾಲ್ದೀವ್ಸ್ ಅನ್ನು ಬೇರೆಯಾಗಿಯೇ ಹೇಳಬೇಕು. ಬೆಟ್ಟವಿಲ್ಲದ ಆ ದ್ವೀಪಗಳಲ್ಲಿ ಮಳೆಗೆ ಮರೆಯಾದ ದಡವೇ ಇಲ್ಲ. ಆದರೆ ಅಲ್ಲಿಯ ಮೀನುಗಾರರು ವರ್ಷವನ್ನು ‘ನಕೈ’ ಎಂಬ ಇಪ್ಪತ್ತೇಳು ತುಂಡು ಮಾಡಿಕೊಂಡಿದ್ದಾರೆ, ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಅಸ್ಸಿದ, ಬುರುನು, ಕೆತಿ, ರೋನು, ಮಿಯಹೆಲಿಯ, ಅದ... ನಿಧಾನವಾಗಿ ಓದಿದರೆ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಕೇಳಿಸುತ್ತವೆ. ನೈಋತ್ಯ ಗಾಳಿಯ ‘ಹುಳಂಗು’ವಿಗೆ ಹದಿನೆಂಟು ನಕೈ, ಈಶಾನ್ಯದ ‘ಇರುವೈ’ಗೆ ಒಂಬತ್ತು. ಶಾಂತ ನೀರು, ತಿಳಿ ಆಕಾಶ ಬೇಕೆನ್ನುವವರು ಡಿಸೆಂಬರಿನಿಂದ ಏಪ್ರಿಲ್ ಮೊದಲ ವಾರದವರೆಗಿನ ಆ ಒಂಬತ್ತರಲ್ಲೇ ಹೋಗಬೇಕು.

‘ಬೇಸಿಗೆಯ ಕೊನೆ’ ಎಂದು ಯುರೋಪಿನ ಪ್ರವಾಸ ಪುಸ್ತಕಗಳು ಹೇಳುವುದು ಆಗಸ್ಟ್, ಸೆಪ್ಟೆಂಬರನ್ನು. ನೆಲ ತಣಿಯತೊಡಗಿದರೂ ನೀರು ಬೆಚ್ಚಗೇ ಉಳಿಯುವುದರಿಂದ ಮೆಡಿಟರೇನಿಯನ್ ದಡಕ್ಕೆ ಅದು ಒಳ್ಳೆಯ ಕಾಲ. ನಾಗಪುರದಲ್ಲಿ ಆಗ ಮಕ್ಕಳು ಶಾಲೆಯಲ್ಲಿ, ಮನೆಯಲ್ಲಿ ಗಣಪತಿ. ಮುಂದಿನ ಉದ್ದ ರಜೆ ದೀಪಾವಳಿಗೆ. ಅಷ್ಟರಲ್ಲಿ ಗಾಳಿ ತಿರುಗಿರುತ್ತದೆ, ತ್ರಿಂಕೋಮಲೀಗೆ ಈಶಾನ್ಯದ ಮಳೆ ಬಂದಿರುತ್ತದೆ. ಕೊಂಕಣದ ಕಡಲು ಮಾತ್ರ ತೆರೆದು ಆಗಲೇ ಎರಡು ತಿಂಗಳಾಗಿರುತ್ತದೆ.