ಕರೆಯ ಹಣ ಯಾರ ಜೇಬಿನಿಂದ?

ಹೂವಿನಹಡಗಲಿಯ ಮಲ್ಲಿಗೆಗೆ ಆಯುಷ್ಯ ಕಡಿಮೆ. ಬಿಡಿಸಿದ ಮೊಗ್ಗು ಹೊತ್ತಿಗೆ ಸರಿಯಾಗಿ ಮಾರುಕಟ್ಟೆ ಸೇರದಿದ್ದರೆ ಬೆಲೆ ಕಳೆದುಕೊಳ್ಳುತ್ತದೆ. ಯಾವ ಊರಿನಲ್ಲಿ ಎಷ್ಟು ದರವಿದೆ ಎಂಬ ಸುದ್ದಿಯೂ ಬೆಳೆಗಾರನಿಗೆ ಹೂವಿನಷ್ಟೇ ಮುಖ್ಯ. ಅಂಥ ಸುದ್ದಿಯನ್ನು ಹೊಲಕ್ಕೇ ತಲುಪಿಸಬಲ್ಲ ಮೊಬೈಲ್ ಫೋನ್ ಭಾರತಕ್ಕೆ ಬಂದದ್ದು 1995ರಲ್ಲಿ. ಆದರೆ ಅದು ವರ್ಷಗಟ್ಟಲೆ ಉಳ್ಳವರ ವಸ್ತುವಾಗಿಯೇ ಉಳಿಯಿತು. ಇದಕ್ಕೆ ಉಪಕರಣದ ಬೆಲೆಯ ಜೊತೆಗೆ ಒಂದು ನಿಯಮವೂ ಕಾರಣವಾಗಿತ್ತು.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ಕೇಂದ್ರ ಸಚಿವ ಸುಖರಾಂ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಗ ಹೆಚ್ಚು ಬಳಕೆಯ ಹೊತ್ತಿನಲ್ಲಿ ನಿಮಿಷದ ದರ 16 ರೂಪಾಯಿ 80 ಪೈಸೆಯವರೆಗೆ ಇತ್ತು. ಕರೆ ಮಾಡಿದವರಷ್ಟೇ ಅಲ್ಲ, ಮೊಬೈಲಿನಲ್ಲಿ ಕರೆ ಸ್ವೀಕರಿಸಿದವರೂ ಹಣ ತೆರಬೇಕಿತ್ತು. ಓಡಾಡುತ್ತ ಮಾತನಾಡುವುದು ಅವರು ಬಯಸಿ ಪಡೆದ ಸೌಕರ್ಯ, ಅದರ ಖರ್ಚು ಅವರದೇ ಎಂಬುದು ವಾದ. ಅಮೆರಿಕದಲ್ಲಿಯೂ ಇದೇ ಪದ್ಧತಿ; ಯುರೋಪಿನಲ್ಲಿ ಮಾತ್ರ ಕರೆ ಮಾಡಿದವರೇ ಹಣ ಕೊಡುತ್ತಿದ್ದರು. ಪರರ ಮಾತಿಗೆ ತಾನು ದುಡ್ಡು ತೆರಬೇಕೆಂದರೆ ಬಡವ ಮೊಬೈಲ್ ಮುಟ್ಟುವುದುಂಟೆ? ಆತನಿಗೆ ಎಸ್‌ಟಿಡಿ ಬೂತೇ ಗತಿಯಾಯಿತು.

1997ರಲ್ಲಿ ಸ್ಥಾಪನೆಯಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 1999ರಲ್ಲಿ ಈ ನಿಯಮ ಬದಲಿಸಲು ಹೊರಟಿತು. ಸ್ಥಿರ ದೂರವಾಣಿ ಗ್ರಾಹಕರ ಮೇಲೆ ಹೊರೆ ಬೀಳುತ್ತದೆಂಬ ಆಕ್ಷೇಪ ಎದ್ದಿತು. ವಿವಾದ ದೆಹಲಿ ಹೈಕೋರ್ಟ್ ಮೆಟ್ಟಿಲೇರಿ, 2000ದ ಜನವರಿಯಲ್ಲಿ ಆದೇಶ ರದ್ದಾಯಿತು. ಕೊನೆಗೆ 2003ರ ಮೇ 1ರಿಂದ ಒಳಬರುವ ಕರೆ ಉಚಿತವಾಯಿತು. ಕರೆ ಮಾಡಿದವರ ಕಂಪೆನಿ ಸ್ವೀಕರಿಸಿದವರ ಕಂಪೆನಿಗೆ ಶುಲ್ಕ ಕೊಡುವ ಏರ್ಪಾಡಾಯಿತು. 2004ರಲ್ಲಿ ಅದು ನಿಮಿಷಕ್ಕೆ 30 ಪೈಸೆ.

ಪರಿಣಾಮ ಬೇಗ ಕಂಡಿತು. 2004ರಲ್ಲಿಯೇ ದೇಶದ ಮೊಬೈಲುಗಳ ಸಂಖ್ಯೆ ಸ್ಥಿರ ದೂರವಾಣಿಗಳನ್ನು ಮೀರಿತು. ಪರವಾನಗಿ ಶುಲ್ಕದ ಬದಲು ಆದಾಯದಲ್ಲಿ ಪಾಲು ಪಡೆಯುವ 1999ರ ನೀತಿ ಮತ್ತು ಕಂಪೆನಿಗಳ ಪೈಪೋಟಿಯೂ ಇದಕ್ಕೆ ನೆರವಾದವು. ಆದರೆ ಕೂಲಿಗಾಗಿ ಊರು ಬಿಟ್ಟ ಮಗನ ದನಿಯನ್ನು ತಾಯಿ ಖರ್ಚಿಲ್ಲದೆ ಕೇಳುವಂತಾದದ್ದು ಈ ನಿಯಮದಿಂದಲೇ. ಕಾಸಿಲ್ಲದವರು 'ಮಿಸ್ಡ್ ಕಾಲ್' ಕೊಟ್ಟು ಸುದ್ದಿ ಮುಟ್ಟಿಸುವ ಉಪಾಯವನ್ನೂ ಕಂಡುಕೊಂಡರು.

ಕಂಪೆನಿಗಳ ನಡುವಿನ ಆ ಶುಲ್ಕ 2021ರ ಜನವರಿಯಿಂದ ಸೊನ್ನೆಯಾಗಿದೆ. ಅದಕ್ಕೂ ಮುನ್ನ, 2018ರ ಕೊನೆಯಲ್ಲಿ, ಕೆಲವು ಕಂಪೆನಿಗಳು ಒಳಬರುವ ಕರೆ ಮುಂದುವರಿಯಬೇಕಾದರೆ ಕನಿಷ್ಠ ರೀಚಾರ್ಜ್ ಮಾಡಿಸಲೇಬೇಕೆಂದವು. ಮಾತು ಮತ್ತು ಸಂದೇಶಕ್ಕಷ್ಟೇ ಸೀಮಿತವಾದ ಯೋಜನೆಗಳೂ ಇರಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ಆದೇಶಿಸಿತು. ಕರೆ ಸ್ವೀಕರಿಸಲು ಬಡವ ಎಷ್ಟು ತೆರಬೇಕೆಂಬ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಮರಳಿ ಬಂದಿದೆ.