ವಸ್ತುವಿನಿಂದ ಪಠ್ಯಕ್ಕೆ: ಗಣಕ ದತ್ತಾಂಶದ ಸರಣೀಕರಣದ ಚಾರಿತ್ರಿಕ ನಡೆ

ಗಣಕಯಂತ್ರದ ಸ್ಮೃತಿಯಲ್ಲಿರುವ ಮಾಹಿತಿಗೂ ಕಡತದಲ್ಲಿ ಉಳಿಯುವ ಮಾಹಿತಿಗೂ ಸ್ವರೂಪದಲ್ಲಿಯೇ ಭೇದವಿದೆ. ಕ್ರಮವಿಧಿಯೊಂದು ನಡೆಯುತ್ತಿರುವಾಗ ಅದು ನಿರ್ಮಿಸಿಕೊಳ್ಳುವ ವಸ್ತುಗಳು ಒಂದರೊಳಗೊಂದು ಅಡಕವಾಗಿರುತ್ತವೆ. ಗ್ರಂಥಾಲಯವೆಂಬ ವಸ್ತುವಿನೊಳಗೆ ಗ್ರಂಥಗಳ ಪಟ್ಟಿ, ಪ್ರತಿಯೊಂದು ಗ್ರಂಥದೊಳಗೆ ಕರ್ತೃ, ಕರ್ತೃವಿನೊಳಗೆ ಹೆಸರು ಮತ್ತು ಜನ್ಮವರ್ಷ, ಹೀಗೆ ಪದರಗಳು ಬೆಳೆಯುತ್ತವೆ. ಈ ಪದರಗಳನ್ನು ಪರಸ್ಪರ ಬೆಸೆಯುವುದು ಸ್ಮೃತಿಯ ವಿಳಾಸಗಳು. ಕ್ರಮವಿಧಿ ಮುಗಿದೊಡನೆ ಆ ವಿಳಾಸಗಳು ಅರ್ಥ ಕಳೆದುಕೊಳ್ಳುತ್ತವೆ. ಮತ್ತೊಂದು ಯಂತ್ರಕ್ಕಂತೂ ಅವು ಏನನ್ನೂ ಸೂಚಿಸವು. ಆದ್ದರಿಂದ ವಸ್ತುವನ್ನು ಉಳಿಸಬೇಕಾದರೆ ಅಥವಾ ಕಳುಹಿಸಬೇಕಾದರೆ ಅದರ ಪದರಗಳನ್ನು ಬಿಡಿಸಿ, ಒಂದೇ ಸಾಲಿನ ಸಂಕೇತಗಳ ಸರಣಿಯಾಗಿ ಬರೆಯುವುದು ಅನಿವಾರ್ಯ. ಇದೇ ಸರಣೀಕರಣ. ಈ ಕ್ರಿಯೆಯ ಚರಿತ್ರೆಯನ್ನು ಕೇವಲ ತಾಂತ್ರಿಕ ಅನುಕೂಲಗಳ ಚರಿತ್ರೆಯೆಂದು ಕಾಣುವುದು ಸರಿಯಲ್ಲ. ಮಾಹಿತಿಯ ಯಾವ ಅಂಶವನ್ನು ಉಳಿಸಬೇಕು, ಯಾವುದನ್ನು ಬಿಡಬಹುದು, ಉಳಿದದ್ದನ್ನು ಯಾರು ಓದಬಲ್ಲರು ಎಂಬ ಪ್ರಶ್ನೆಗಳು ಅದರ ಪ್ರತಿ ಘಟ್ಟದಲ್ಲಿಯೂ ಎದುರಾಗಿವೆ.

ಒಳಪದರಗಳುಳ್ಳ ರಚನೆಯನ್ನು ಸರಳ ಅಕ್ಷರಗಳಿಂದ ಬರೆಯಬಹುದೆಂಬುದನ್ನು ಮೊದಲು ಖಚಿತವಾಗಿ ತೋರಿಸಿದ ಪ್ರಯತ್ನಗಳಲ್ಲಿ ಜಾನ್ ಮೆಕಾರ್ಥಿಯವರ ಲಿಸ್ಪ್ ಭಾಷೆ ಮುಖ್ಯವಾದುದು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿದ್ದ ಅವರು 1960ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕೇವಲ ಆವರಣ ಚಿಹ್ನೆಗಳ ಮೂಲಕ ಎಷ್ಟೇ ಆಳದ ಪಟ್ಟಿಯನ್ನಾದರೂ ವ್ಯಕ್ತಪಡಿಸುವ ವಿಧಾನವನ್ನು ಮಂಡಿಸಿದರು. ಅಲ್ಲಿ ಕ್ರಮವಿಧಿಗೂ ದತ್ತಾಂಶಕ್ಕೂ ಬರಹದ ರೂಪ ಒಂದೇ ಆಗಿತ್ತು. ಈ ಏಕತೆ ಲಿಸ್ಪ್‌ನ ದೊಡ್ಡ ಶಕ್ತಿಯಾಯಿತು. ಆದರೆ ದತ್ತಾಂಶವನ್ನು ಓದುವುದು ಎಲ್ಲಿ ಮುಗಿಯುತ್ತದೆ, ಅದನ್ನು ಆಜ್ಞೆಯಾಗಿ ನಡೆಸುವುದು ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಹುಟ್ಟಿತೆಂಬುದನ್ನು ಗಮನಿಸಬೇಕು. ಅರ್ಧ ಶತಮಾನದ ಬಳಿಕ ಈ ಪ್ರಶ್ನೆ ತೀರ ಗಂಭೀರವಾದ ರೂಪದಲ್ಲಿ ಮರಳಿತು.

ಎರಡನೆಯ ಧಾರೆ ಹುಟ್ಟಿದ್ದು ದಾಖಲೆಗಳ ಲೋಕದಲ್ಲಿ. 1969ರಲ್ಲಿ ಐಬಿಎಂ ಸಂಸ್ಥೆಯ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರೀ ಎಂಬ ಮೂವರು ಕಾನೂನು ಕಚೇರಿಗಳ ದಾಖಲೆಗಳನ್ನು ನಿರ್ವಹಿಸುವ ಯೋಜನೆಯಲ್ಲಿ ತೊಡಗಿದ್ದಾಗ ಒಂದು ಗುರುತುಭಾಷೆಯನ್ನು ರೂಪಿಸಿದರು. ಜಿಎಂಎಲ್ ಎಂಬ ಅದರ ಹೆಸರಿನಲ್ಲಿ ಮೂವರ ಉಪನಾಮಗಳ ಮೊದಲಕ್ಷರಗಳೂ ಅಡಗಿವೆ. ಶೀರ್ಷಿಕೆಯು ದಪ್ಪಕ್ಷರದಲ್ಲಿರಲಿ ಎಂದು ಮುದ್ರಣಯಂತ್ರಕ್ಕೆ ಆದೇಶಿಸುವ ಬದಲು, ಇದು ಶೀರ್ಷಿಕೆ ಎಂದಷ್ಟೇ ಗುರುತಿಸುವುದು ಅದರ ತತ್ತ್ವ. ಭಾಗವು ಹೇಗೆ ಕಾಣಬೇಕೆಂಬುದಕ್ಕಿಂತ ಅದು ಏನಾಗಿದೆ ಎಂಬುದಕ್ಕೆ ಅಲ್ಲಿ ಪ್ರಾಧಾನ್ಯ. ಈ ಚಿಂತನೆಯ ವಿಸ್ತೃತ ರೂಪವಾದ ಎಸ್‌ಜಿಎಂಎಲ್ 1986ರಲ್ಲಿ ಅಂತಾರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾಯಿತು.

ಅದೇ ಕಾಲದಲ್ಲಿ ಯಂತ್ರದಿಂದ ಯಂತ್ರಕ್ಕೆ ದತ್ತಾಂಶ ಸಾಗಿಸುವವರು ಪಠ್ಯಕ್ಕಿಂತ ದ್ವಿಮಾನ ಸಂಕೇತಗಳನ್ನೇ ಹೆಚ್ಚಾಗಿ ನೆಚ್ಚಿಕೊಂಡಿದ್ದರು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಎಕ್ಸ್‌ಡಿಆರ್ ನಿರೂಪಣೆ 1987ರಲ್ಲಿ ಸಾರ್ವಜನಿಕವಾಗಿ ಪ್ರಕಟವಾಯಿತು. ಸಮಸ್ಯೆಯ ತಾತ್ತ್ವಿಕ ಮುಖವನ್ನು ಇದಕ್ಕೂ ಮೊದಲೇ, 1982ರಲ್ಲಿ, ಮಾರಿಸ್ ಹರ್ಲಿಹಿ ಮತ್ತು ಬಾರ್ಬರಾ ಲಿಸ್ಕೋವ್ ವಿವೇಚಿಸಿದ್ದರು. ಒಂದೇ ವಸ್ತುವನ್ನು ಎರಡು ಕಡೆಗಳಿಂದ ಸೂಚಿಸಿದ್ದರೆ, ಅಥವಾ ವಸ್ತುವೊಂದು ಸುತ್ತಿಬಳಸಿ ತನ್ನನ್ನೇ ಸೂಚಿಸುತ್ತಿದ್ದರೆ, ಅದನ್ನು ಸಾಗಿಸುವುದು ಹೇಗೆಂಬುದು ಅವರ ಜಿಜ್ಞಾಸೆಯ ಒಂದು ಮುಖ್ಯ ಅಂಶ. ಸರಣೀಕರಣದ ನಿಜವಾದ ತೊಡಕು ಇಲ್ಲಿದೆ. ಪಠ್ಯದ ಒಳಪದರಗಳು ಮರದ ಆಕೃತಿಯವು; ಸ್ಮೃತಿಯ ವಸ್ತುಗಳಾದರೋ ಬಲೆಯ ಆಕೃತಿಯವು. ಒಬ್ಬನೇ ಕರ್ತೃವಿನ ಎರಡು ಗ್ರಂಥಗಳನ್ನು ಮರವಾಗಿ ಬರೆದರೆ ಕರ್ತೃವಿನ ವಿವರ ಎರಡು ಸಲ ಬರುತ್ತದೆ. ಮರಳಿ ಓದುವಾಗ ಇಬ್ಬರು ಕರ್ತೃಗಳು ಹುಟ್ಟಿಕೊಳ್ಳುತ್ತಾರೆ. ಕರ್ತೃವಿನಿಂದ ಗ್ರಂಥಕ್ಕೂ ಗ್ರಂಥದಿಂದ ಕರ್ತೃವಿಗೂ ಸೂಚನೆಗಳಿದ್ದರೆ ಬರೆಯುವ ಕಾರ್ಯ ಎಂದಿಗೂ ಮುಗಿಯದು. ಪ್ರತಿ ವಸ್ತುವಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಎರಡನೆಯ ಸಲ ಎದುರಾದಾಗ ಆ ಸಂಖ್ಯೆಯನ್ನಷ್ಟೇ ಬರೆಯುವುದು ಇದಕ್ಕೆ ಪರಿಹಾರ.

1997ರ ಫೆಬ್ರವರಿಯಲ್ಲಿ ಹೊರಬಂದ ಜಾವಾ ಭಾಷೆಯ 1.1 ಆವೃತ್ತಿ ಈ ಪರಿಹಾರವನ್ನು ಭಾಷೆಯ ವ್ಯವಸ್ಥೆಯೊಳಗೇ ಅಳವಡಿಸಿತು. ವಸ್ತುವಿನ ವರ್ಗವು ಸರಣೀಕರಣಕ್ಕೆ ಅರ್ಹವೆಂದು ಘೋಷಿಸಿದರೆ ಸಾಕು, ಉಳಿದುದನ್ನು ವ್ಯವಸ್ಥೆಯೇ ನೋಡಿಕೊಳ್ಳುತ್ತಿತ್ತು. ಹಂಚಿಕೊಂಡ ಸೂಚನೆಗಳೂ ಚಕ್ರಗಳೂ ಯಥಾವತ್ತಾಗಿ ಉಳಿಯುತ್ತಿದ್ದವು. ಆದರೆ ಈ ಸೌಕರ್ಯಕ್ಕೆ ಬೆಲೆಯಿತ್ತು. ಬರೆದ ಕಡತ ದ್ವಿಮಾನ ರೂಪದಲ್ಲಿದ್ದು ಮನುಷ್ಯರಿಗೆ ದುರ್ಗಮವಾಗಿತ್ತು. ವರ್ಗದ ರಚನೆಯನ್ನು ಮುಂದೆ ಬದಲಿಸಿದರೆ ಹಳೆಯ ಕಡತಗಳು ಓದಲಾಗದಂತೆ ಆಗುವ ಸಂಭವವಿತ್ತು. ಬರೆದ ಕ್ರಮವಿಧಿಯ ಆಯುಸ್ಸಿಗೆ ಬರಹದ ಆಯುಸ್ಸು ಕಟ್ಟುಬಿದ್ದಿತ್ತೆಂದರೆ ತಪ್ಪಾಗದು.

ಈ ಹಿನ್ನೆಲೆಯಲ್ಲಿ ಎಕ್ಸ್‌ಎಂಎಲ್‌ನ ಉದಯವನ್ನು ನೋಡಬೇಕು. ಸನ್ ಸಂಸ್ಥೆಯ ಜಾನ್ ಬೋಸಾಕ್ ಅವರ ನೇತೃತ್ವದಲ್ಲಿ 1996ರಲ್ಲಿ ಆರಂಭವಾದ ಕಾರ್ಯ, ಟಿಮ್ ಬ್ರೇ, ಜಾನ್ ಪಾವೊಲಿ ಮತ್ತು ಸಿ. ಎಂ. ಸ್ಪರ್ಬರ್ಗ್-ಮೆಕ್ವೀನ್ ಅವರ ಸಂಪಾದಕತ್ವದಲ್ಲಿ 1998ರ ಫೆಬ್ರವರಿ 10ರಂದು ವಿಶ್ವವ್ಯಾಪಿ ಜಾಲ ಒಕ್ಕೂಟದ ಶಿಫಾರಸಾಗಿ ಹೊರಬಂದಿತು. ಎಸ್‌ಜಿಎಂಎಲ್‌ನ ಸಂಕೀರ್ಣತೆಯನ್ನು ಕಳಚಿ ಅದನ್ನು ಜಾಲಕ್ಕೆ ಹೊಂದಿಸುವುದು ಮೂಲ ಉದ್ದೇಶ. ದಾಖಲೆಗಳು ಮನುಷ್ಯರಿಗೂ ಸ್ಪಷ್ಟವಾಗಿರಬೇಕು, ಸಂಕ್ಷಿಪ್ತತೆಗೆ ಹೆಚ್ಚಿನ ಮಹತ್ತ್ವವಿಲ್ಲ ಎಂದು ಅದರ ರಚನಾಕಾರರು ಮೊದಲೇ ನಿರ್ಧರಿಸಿದ್ದರು. ದಾಖಲೆಗಳಿಗೆಂದು ರೂಪುಗೊಂಡ ಈ ಭಾಷೆಯನ್ನು ವಸ್ತುಗಳ ಸಾಗಣೆಗೆ ಬಳಸಿಕೊಳ್ಳುವ ಯತ್ನಗಳು ಅದೇ ವರ್ಷ ಎಕ್ಸ್‌ಎಂಎಲ್-ಆರ್‌ಪಿಸಿಯ ಮೂಲಕ ಕಾಣಿಸಿಕೊಂಡವು. ಸೋಪ್ ನಿರೂಪಣೆಯ 1.2 ಆವೃತ್ತಿ 2003ರಲ್ಲಿ ಶಿಫಾರಸಾಯಿತು. 2002ರ ಜಾವಾ 1.4 ಆವೃತ್ತಿಯೂ ವಸ್ತುಗಳನ್ನು ಎಕ್ಸ್‌ಎಂಎಲ್ ಪಠ್ಯವಾಗಿ ಬರೆಯುವ ಸಲಕರಣೆಯನ್ನು ಒದಗಿಸಿತು.

ಆದರೂ ದಾಖಲೆಯ ಭಾಷೆ ವಸ್ತುವಿಗೆ ಪೂರ್ಣವಾಗಿ ಒಗ್ಗಲಿಲ್ಲ. ಕರ್ತೃವಿನ ಹೆಸರನ್ನು ಗುರುತಿನ ಗುಣವಾಗಿ ಬರೆಯಬೇಕೋ, ಒಳಗಿನ ಪ್ರತ್ಯೇಕ ಘಟಕವಾಗಿ ಬರೆಯಬೇಕೋ ಎಂಬುದಕ್ಕೆ ಏಕೈಕ ಉತ್ತರವಿರಲಿಲ್ಲ. ಒಂದೇ ಗ್ರಂಥವಿರುವ ಪಟ್ಟಿಗೂ ಪಟ್ಟಿಯಲ್ಲದ ಒಂಟಿ ಗ್ರಂಥಕ್ಕೂ ಬರಹದಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ. ಈ ಸಂದಿಗ್ಧಗಳನ್ನು ನೀಗಿಸಲು ಪ್ರತ್ಯೇಕ ರಚನಾನಿಯಮಗಳ ದಾಖಲೆಗಳು ಬೇಕಾದವು.

ಇದಕ್ಕೆ ಉತ್ತರವೆಂಬಂತೆ ಬಂದ ಜೇಸನ್ ಹೊಸದಾಗಿ ಕಲ್ಪಿಸಿದ ಭಾಷೆಯಲ್ಲ. 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ವಸ್ತುಗಳನ್ನು ಬರೆಯುವ ರೀತಿಯನ್ನೇ ಪ್ರತ್ಯೇಕಿಸಿ, 2001ರಲ್ಲಿ ಡಗ್ಲಸ್ ಕ್ರಾಕ್‌ಫರ್ಡ್ ಮತ್ತು ಚಿಪ್ ಮಾರ್ನಿಂಗ್‌ಸ್ಟಾರ್ ದತ್ತಾಂಶ ಸಾಗಣೆಗೆ ಬಳಸಿದರು. ಹೆಸರು ಮತ್ತು ಮೌಲ್ಯಗಳ ಜೋಡಿ, ಕ್ರಮಬದ್ಧ ಪಟ್ಟಿ, ಅಕ್ಷರಮಾಲೆ, ಸಂಖ್ಯೆ, ಸತ್ಯ, ಅಸತ್ಯ, ಶೂನ್ಯ: ಇಷ್ಟೇ ಅದರ ಸಂಪತ್ತು. 2006ರ ಜುಲೈಯಲ್ಲಿ ಅದರ ನಿರೂಪಣೆ ಪ್ರಕಟವಾಯಿತು. 2013ರಲ್ಲಿ ಎಕ್ಮಾ ಮಾನಕವಾಯಿತು. 2017ರ ಡಿಸೆಂಬರಿನಲ್ಲಿ ಪರಿಷ್ಕೃತ ನಿರೂಪಣೆ ಬಂದಿತು.

ಜೇಸನ್‌ನ ಸರಳತೆ ತ್ಯಾಗಗಳ ಮೇಲೆ ನಿಂತಿದೆ. ದಿನಾಂಕಕ್ಕೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಅದನ್ನು ಅಕ್ಷರಮಾಲೆಯಾಗಿಯೋ ಸಂಖ್ಯೆಯಾಗಿಯೋ ಬರೆಯಬೇಕು. ಹಂಚಿಕೊಂಡ ವಸ್ತುವನ್ನು ಸೂಚಿಸುವ ವಿಧಾನವಿಲ್ಲ. ಚಕ್ರವಿರುವ ವಸ್ತುವನ್ನು ಕೊಟ್ಟರೆ ಜಾವಾಸ್ಕ್ರಿಪ್ಟ್ ದೋಷವನ್ನು ಸೂಚಿಸಿ ನಿಲ್ಲುತ್ತದೆ. ಸಂಖ್ಯೆಗಳ ವಿಷಯದಲ್ಲಿ ನಷ್ಟ ಇನ್ನೂ ಸೂಕ್ಷ್ಮ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ 9007199254740992ರ ಆಚೆ ಎಲ್ಲ ಪೂರ್ಣಾಂಕಗಳನ್ನೂ ಪ್ರತ್ಯೇಕಿಸಲಾರದು. ಅದಕ್ಕಿಂತ ಒಂದು ಹೆಚ್ಚಿನ ಸಂಖ್ಯೆಯನ್ನು ಬರೆದರೂ ಓದುವಾಗ ಅದೇ ಸಂಖ್ಯೆ ದೊರೆಯುತ್ತದೆ. ಈ ಕಾರಣದಿಂದಲೇ 2010ರಲ್ಲಿ ಟ್ವಿಟರ್ ಸಂಸ್ಥೆ ತನ್ನ ಸಂದೇಶಗಳ ಗುರುತಿನ ಸಂಖ್ಯೆಯನ್ನು ಅಕ್ಷರಮಾಲೆಯಾಗಿಯೂ ಕೊಡತೊಡಗಿತು. ದೋಷವನ್ನು ಸೂಚಿಸದೆ ಮೌನವಾಗಿ ಆಗುವ ಈ ಬಗೆಯ ನಷ್ಟ, ಕೆಲಸ ನಿಲ್ಲಿಸುವ ದೋಷಕ್ಕಿಂತ ಅಪಾಯಕರ.

ಕನ್ನಡದ ದೃಷ್ಟಿಯಿಂದ ಈ ಚರಿತ್ರೆಗೆ ವಿಶೇಷ ಪ್ರಸ್ತುತತೆಯಿದೆ. ಅಕ್ಷರಶೈಲಿಗೊಂದು ಸಂಕೇತವಿದ್ದ ಕಾಲದಲ್ಲಿ, ಒಂದು ತಂತ್ರಾಂಶದಲ್ಲಿ ಬರೆದ ಕನ್ನಡ ಮತ್ತೊಂದರಲ್ಲಿ ಅರ್ಥಹೀನ ಚಿಹ್ನೆಗಳಾಗಿ ಕಾಣುತ್ತಿತ್ತು. 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 3200ರಿಂದ 3327ರವರೆಗಿನ ಸ್ಥಾನಗಳು ದೊರೆತವು. 'ಕ' ಅಕ್ಷರದ ಸ್ಥಾನ 3221. ಎಕ್ಸ್‌ಎಂಎಲ್ ಯೂನಿಕೋಡನ್ನು ತಳಹದಿಯಾಗಿ ಸ್ವೀಕರಿಸಿದ್ದರಿಂದ ಪಠ್ಯ ಮಾತ್ರವಲ್ಲ, ಘಟಕಗಳ ಹೆಸರುಗಳನ್ನೂ ಕನ್ನಡದಲ್ಲಿಯೇ ಬರೆಯುವುದು ಸಾಧ್ಯವಾಯಿತು. 2017ರ ಜೇಸನ್ ನಿರೂಪಣೆ ಮುಕ್ತ ವಿನಿಮಯಕ್ಕೆ ಯುಟಿಎಫ್-8 ಸಂಕೇತವನ್ನು ಕಡ್ಡಾಯಗೊಳಿಸಿತು. ಆ ಸಂಕೇತದಲ್ಲಿ ಪ್ರತಿಯೊಂದು ಕನ್ನಡ ಸ್ಥಾನಕ್ಕೂ ಮೂರು ಬೈಟುಗಳು ಬೇಕು.

ಆದರೂ ಒಂದು ತೊಡಕು ಉಳಿದಿದೆ. 'ಕೋಶ' ಎಂಬ ಪದದ ಓಕಾರವನ್ನು ಒಂದೇ ಸಂಕೇತದಿಂದಲೂ ಬರೆಯಬಹುದು, ಬಿಡಿಬಿಡಿಯಾದ ಮೂರು ಸಂಕೇತಗಳಿಂದಲೂ ಬರೆಯಬಹುದು. ಇವೆರಡೂ ಸಮಾನವೆಂದು ಯೂನಿಕೋಡ್ ಹೇಳುತ್ತದೆ. ಕಣ್ಣಿಗೂ ಅವು ಒಂದೇ. ಆದರೆ ಹೆಸರುಗಳನ್ನು ಸಂಕೇತಕ್ಕೆ ಸಂಕೇತ ಹೋಲಿಸುವ ಜೇಸನ್ ಓದುಗ ಕ್ರಮವಿಧಿಗೆ ಅವು ಎರಡು ಬೇರೆ ಬೇರೆ ಹೆಸರುಗಳು. ಬರೆಯುವ ಮುನ್ನವೇ ಒಂದು ರೂಪಕ್ಕೆ ತಂದುಕೊಳ್ಳದಿದ್ದರೆ, ಕಣ್ಣೆದುರಿಗೆ ಇರುವ ದಾಖಲೆಯೇ ಹುಡುಕಾಟದಲ್ಲಿ ಸಿಗದೆ ಹೋಗಬಹುದು.

ಲಿಸ್ಪ್ ಎತ್ತಿದ ಪ್ರಶ್ನೆಯ ಮರುಕಳಿಕೆಯನ್ನು ಕೊನೆಯದಾಗಿ ಗಮನಿಸಬಹುದು. ಆರಂಭದಲ್ಲಿ ಜೇಸನ್ ಪಠ್ಯವನ್ನು ಓದಲು ಅದನ್ನು ನೇರವಾಗಿ ಜಾವಾಸ್ಕ್ರಿಪ್ಟ್ ಆಜ್ಞೆಯಂತೆ ನಡೆಸುವ ರೂಢಿಯಿತ್ತು. ದತ್ತಾಂಶದ ವೇಷದಲ್ಲಿ ದುರುದ್ದೇಶದ ಆಜ್ಞೆ ಬಂದರೆ ಅದೂ ನಡೆಯುತ್ತಿತ್ತು. 2009ರ ಎಕ್ಮಾಸ್ಕ್ರಿಪ್ಟ್ ಐದನೆಯ ಆವೃತ್ತಿ ಸುರಕ್ಷಿತ ಓದುವಿಕೆಯ ಸಾಧನವನ್ನು ಭಾಷೆಯಲ್ಲಿಯೇ ಸೇರಿಸಿತು. ಜಾವಾದ ಸ್ವಯಂಚಾಲಿತ ಸರಣೀಕರಣದಲ್ಲಿಯೂ ಇದೇ ಬಗೆಯ ದೌರ್ಬಲ್ಯ 2015ರಲ್ಲಿ ವ್ಯಾಪಕವಾಗಿ ಬೆಳಕಿಗೆ ಬಂದಿತು. 2017ರ ಜಾವಾ 9ರಲ್ಲಿ ಒಳಬರುವ ವಸ್ತುಗಳನ್ನು ಸೋಸುವ ವ್ಯವಸ್ಥೆ ಸೇರಿತು. ಎಲ್ಲವನ್ನೂ ಯಥಾವತ್ತಾಗಿ ಮರಳಿಸುವ ವಿಧಾನವು ಬೇಡವಾದುದನ್ನೂ ಮರಳಿಸುತ್ತದೆ ಎಂಬುದು ಈ ಅನುಭವದ ಸಾರ.

ಒಟ್ಟಾರೆಯಾಗಿ, ವಸ್ತುವಿನ ಸಕಲ ಸಂಬಂಧಗಳನ್ನೂ ಉಳಿಸಿದ ದ್ವಿಮಾನ ಕಡತ ತನ್ನನ್ನು ಬರೆದ ಕ್ರಮವಿಧಿಯನ್ನೇ ನೆಚ್ಚಿಕೊಂಡಿದ್ದರೆ, ಹಲವನ್ನು ಬಿಟ್ಟುಕೊಟ್ಟ ಸರಳ ಪಠ್ಯ ಆ ಕ್ರಮವಿಧಿ ಇಲ್ಲವಾದ ಮೇಲೂ ಓದಲು ದೊರೆಯುತ್ತದೆ. ಆದ್ದರಿಂದ ಸಾರ್ವಜನಿಕ ದಾಖಲೆಗಳನ್ನೂ ನಿಘಂಟುಗಳನ್ನೂ ಗ್ರಂಥಸೂಚಿಗಳನ್ನೂ ಗಣಕೀಕರಿಸುವವರು ಯಾವ ರೂಪದಲ್ಲಿ ಬರೆಯಬೇಕೆಂದು ನಿರ್ಧರಿಸುವಾಗ, ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದನ್ನೂ ಆ ದಾಖಲೆಯ ಜೊತೆಯಲ್ಲಿಯೇ ಬರೆದಿಡುವುದು ಅಗತ್ಯ. ಮುಂದಿನ ತಲೆಮಾರಿನ ಓದುಗರ ಕೈಗೆ ಸೇರುವುದು ಇಂದಿನ ತಂತ್ರಾಂಶವಲ್ಲ, ಅದು ಬರೆದಿಟ್ಟ ಪಠ್ಯ.