ನಲ್ಲಿಯ ಕಾರ್ಟ್ರಿಡ್ಜ್

ನಲ್ಲಿಯ ಕಾರ್ಟ್ರಿಡ್ಜ್ ಎಂಬುದು ನಲ್ಲಿಯ ಹಿಡಿಕೆಯ ಕೆಳಗೆ ಅಳವಡಿಸಲಾಗುವ, ನೀರಿನ ಹರಿವನ್ನು ನಿಯಂತ್ರಿಸುವ ಬಿಡಿಭಾಗ. ಬಿಸಿನೀರು ಮತ್ತು ತಣ್ಣೀರನ್ನು ಬೆರೆಸುವ ಮಿಕ್ಸರ್ ನಲ್ಲಿಗಳಲ್ಲಿ ಎರಡರ ಪ್ರಮಾಣವನ್ನೂ ಇದೇ ನಿರ್ಧರಿಸುತ್ತದೆ. ಚಲಿಸುವ ಭಾಗಗಳೆಲ್ಲ ಒಂದೇ ಕವಚದಲ್ಲಿ ಅಡಕವಾಗಿರುವುದರಿಂದ ಇದನ್ನು ಇಡಿಯಾಗಿ ಹೊರತೆಗೆದು ಬದಲಾಯಿಸಬಹುದು.

ಕಾರ್ಯವಿಧಾನ

ಹಳೆಯ ಮಾದರಿಯ ನಲ್ಲಿಯಲ್ಲಿ ತಿರುಪುಳ್ಳ ಸ್ಪಿಂಡಲ್ ರಬ್ಬರ್ ವಾಷರನ್ನು ಲೋಹದ ಪೀಠಕ್ಕೆ ಒತ್ತಿ ನೀರನ್ನು ತಡೆಯುತ್ತದೆ. ಪ್ರತಿ ಬಾರಿಯೂ ಒತ್ತಡಕ್ಕೆ ಸಿಲುಕುವ ವಾಷರ್ ಕ್ರಮೇಣ ಸವೆಯುತ್ತದೆ. ಕಾರ್ಟ್ರಿಡ್ಜ್‌ನಲ್ಲಿ ಹೀಗೆ ಒತ್ತುವ ಕ್ರಿಯೆ ಇರುವುದಿಲ್ಲ. ಒಳಗಿನ ಚಲಿಸುವ ಭಾಗದ ರಂಧ್ರವು ಸ್ಥಿರ ಭಾಗದ ರಂಧ್ರಕ್ಕೆ ಎದುರಾದಾಗ ನೀರು ಹರಿಯುತ್ತದೆ. ಪಕ್ಕಕ್ಕೆ ಸರಿದಾಗ ನಿಲ್ಲುತ್ತದೆ. ಆದ್ದರಿಂದ ಸೋರುವ ನಲ್ಲಿಯನ್ನು ಬಲವಾಗಿ ಬಿಗಿಗೊಳಿಸಿದರೆ ಸೋರಿಕೆ ನಿಲ್ಲುವುದಿಲ್ಲ. ಹಿಡಿಕೆಗೆ ಹಾನಿಯಾಗುವ ಸಂಭವವಿದೆ.

ವಿಧಗಳು

ಸೆರಾಮಿಕ್ ಡಿಸ್ಕ್ ಕಾರ್ಟ್ರಿಡ್ಜ್: ಇದರಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡ್‌ನಿಂದ ಮಾಡಿದ ಎರಡು ಬಿಲ್ಲೆಗಳಿರುತ್ತವೆ. ಅವುಗಳ ಮೇಲ್ಮೈ ಅತ್ಯಂತ ಸಮತಟ್ಟಾಗಿ ನಯಗೊಂಡಿರುವುದರಿಂದ ನಡುವೆ ನೀರು ನುಸುಳುವುದಿಲ್ಲ. ಕಾಲು ಸುತ್ತು, ಅಂದರೆ 90 ಡಿಗ್ರಿ ತಿರುಗಿಸಿದರೆ ಪೂರ್ಣವಾಗಿ ತೆರೆಯುವ ಬಗೆಯನ್ನು 'ಕ್ವಾರ್ಟರ್ ಟರ್ನ್' ಎನ್ನುತ್ತಾರೆ. ಒಂದೇ ಹಿಡಿಕೆಯ ಮಿಕ್ಸರ್‌ನಲ್ಲಿ ಕೆಳಗಿನ ಬಿಲ್ಲೆಗೆ ಬಿಸಿನೀರು, ತಣ್ಣೀರು ಮತ್ತು ಹೊರಹರಿವಿಗೆ ಪ್ರತ್ಯೇಕ ರಂಧ್ರಗಳಿರುತ್ತವೆ. ಹಿಡಿಕೆಯನ್ನು ಎತ್ತಿದಾಗ ಹರಿವು, ಪಕ್ಕಕ್ಕೆ ತಿರುಗಿಸಿದಾಗ ಉಷ್ಣತೆ ಬದಲಾಗುತ್ತದೆ. 35 ಮತ್ತು 40 ಮಿಲಿಮೀಟರ್ ವ್ಯಾಸದವು ಸಾಮಾನ್ಯವಾಗಿ ಬಳಕೆಯಲ್ಲಿವೆ.

ಕೊಳವೆ ಮಾದರಿಯ ಕಾರ್ಟ್ರಿಡ್ಜ್: ರಂಧ್ರಗಳುಳ್ಳ ಕೊಳವೆಯೊಳಗೆ ದಂಡವೊಂದು ಮೇಲೆ ಕೆಳಗೆ ಚಲಿಸುತ್ತದೆ ಅಥವಾ ತಿರುಗುತ್ತದೆ. ರಬ್ಬರ್ ಓ-ರಿಂಗ್‌ಗಳು ಸೋರಿಕೆಯನ್ನು ತಡೆಯುತ್ತವೆ.

ಥರ್ಮೋಸ್ಟಾಟಿಕ್ ಕಾರ್ಟ್ರಿಡ್ಜ್: ಸ್ನಾನಗೃಹದ ಷವರ್‌ಗಳಲ್ಲಿ ಬಳಕೆಯಾಗುತ್ತದೆ. ಇದರೊಳಗಿನ ಮೇಣವು ಶಾಖಕ್ಕೆ ಹಿಗ್ಗಿ, ಬಿಸಿನೀರಿನ ದಾರಿಯನ್ನು ಕಿರಿದುಗೊಳಿಸುತ್ತದೆ. ತಣ್ಣೀರಿನ ಪೂರೈಕೆ ಹಠಾತ್ತನೆ ನಿಂತರೂ ಮೈ ಸುಡದಂತೆ ಇದು ರಕ್ಷಿಸುತ್ತದೆ.

ಇತಿಹಾಸ

ಅಮೆರಿಕದ ಆಲ್ಫ್ರೆಡ್ ಮೊಯೆನ್ 1937ರಲ್ಲಿ ಎರಡು ಹಿಡಿಕೆಯ ನಲ್ಲಿಯಿಂದ ಬಂದ ಬಿಸಿನೀರಿಗೆ ಕೈ ಸುಟ್ಟುಕೊಂಡ ನಂತರ ಒಂದೇ ಹಿಡಿಕೆಯ ಮಿಕ್ಸರ್ ನಲ್ಲಿಯನ್ನು ರೂಪಿಸತೊಡಗಿದರು. ಅದು 1947ರಲ್ಲಿ ಮಾರುಕಟ್ಟೆಗೆ ಬಂದಿತು.

ದೋಷ ಮತ್ತು ಬದಲಾವಣೆ

ನೀರಿನಲ್ಲಿರುವ ಮರಳಿನ ಕಣಗಳು ಬಿಲ್ಲೆಗಳ ನಡುವೆ ಸಿಕ್ಕಿ ಗೀರು ಮೂಡಿಸುತ್ತವೆ. ಕೊಳವೆಬಾವಿಯ ಗಡಸು ನೀರಿನಿಂದ ಲವಣದ ಪದರ ಕಟ್ಟಿಕೊಂಡು ಹಿಡಿಕೆ ಬಿಗಿಯಾಗುತ್ತದೆ. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೂ ದಿನಕ್ಕೆ 86,400 ಹನಿ ನೀರು ವ್ಯರ್ಥವಾಗುತ್ತದೆ. ಲವಣದ ಪದರವನ್ನು ವಿನಿಗರ್‌ನಲ್ಲಿ ನೆನೆಸಿ ತೆಗೆಯಬಹುದು. ಗೀರು ಬಿದ್ದ ಕಾರ್ಟ್ರಿಡ್ಜನ್ನು ಬದಲಾಯಿಸಬೇಕು.

ಬದಲಾಯಿಸುವ ಮೊದಲು ನೀರಿನ ಪೂರೈಕೆಯನ್ನು ನಿಲ್ಲಿಸಿ, ಕೊಳವೆಯಲ್ಲಿ ಉಳಿದ ನೀರನ್ನು ಹೊರಬಿಡಬೇಕು. ಎಲ್ಲ ತಯಾರಕರ ಕಾರ್ಟ್ರಿಡ್ಜ್‌ಗಳೂ ಒಂದೇ ಅಳತೆಯಲ್ಲಿರುವುದಿಲ್ಲ. ಹೊಸದರ ವ್ಯಾಸ, ಉದ್ದ, ಹಿಡಿಕೆ ಕೂರುವ ತುದಿಯ ಹಲ್ಲುಗಳ ಸಂಖ್ಯೆ ಹಾಗೂ ತೆರೆಯುವ ದಿಕ್ಕು ಹಳೆಯದಕ್ಕೆ ಹೊಂದಬೇಕಾದುದರಿಂದ, ಹಳೆಯದನ್ನೇ ಅಂಗಡಿಗೆ ಒಯ್ದು ಹೋಲಿಸಿ ಕೊಳ್ಳುವುದು ಸೂಕ್ತ.